ಕಟ್ಟಿಗೆ ಹೊರೆ ಹೊತ್ತ ಹುಳದ ಹೆಸರೇನು?

ಮನೆಯ ಗೋಡೆಯ ಮೇಲೆ, ಅದರಲ್ಲೂ ಬಚ್ಚಲಿನ ಹತ್ತಿರ, ಮೆಟ್ಟಿಲ ಕೆಳಗೆ, ಕಪಾಟಿನ ಹಿಂದೆ, ಕುಂಬಳಬೀಜದಂಥ ಬೂದು ಬಣ್ಣದ ಚಪ್ಪಟೆ ವಸ್ತುವೊಂದು ಅಂಟಿಕೊಂಡಿರುವುದನ್ನು ನೀವು ನೋಡಿಯೇ ಇರ್ತೀರಿ. ಗಿಲಾವು ಉದುರಿ ಅಂಟಿಕೊಂಡಿದೆ ಅಂದುಕೊಂಡು ಸುಮ್ಮನಾಗಿರ್ತೀರಿ. ಒಂದು ತಾಸು ಬಿಟ್ಟು ನೋಡಿದರೆ ಆ ‘ಗಿಲಾವಿನ ಚೂರು’ ಗೇಣುದ್ದ ಮೇಲೆ ಹತ್ತಿರುತ್ತದೆ. ಇನ್ನೂ ಸ್ವಲ್ಪ ತಾಳ್ಮೆ ಇದ್ದರೆ ಅದರ ತುದಿಯಿಂದ ಕಂದು ತಲೆಯ ಪುಟ್ಟ ಹುಳವೊಂದು ಇಣುಕಿ, ಮೂರು ಜೊತೆ ಕಾಲುಗಳಿಂದ ಗೋಡೆಯನ್ನು ಹಿಡಿದು, ಮನೆಯನ್ನೇ ಎಳೆದುಕೊಂಡು ಹೋಗುವುದು ಕಾಣುತ್ತದೆ.

ಈಗ ಊರು ದಾಟಿ ಹೊಲದ ಬದುವಿಗೆ ಬನ್ನಿ. ಜಾಲಿ ಗಿಡದ ಟೊಂಗೆ ನೋಡಿ. ಹೆಬ್ಬೆರಳಿನ ಗಾತ್ರದ ಕಡ್ಡಿ ಕಟ್ಟುಗಳು ಅಲ್ಲಲ್ಲಿ ಜೋತುಬಿದ್ದಿರುತ್ತವೆ. ಯಾರೋ ಪುರುಸೊತ್ತಿನಲ್ಲಿ ಕುಳಿತು ಕಡ್ಡಿಗಳನ್ನು ಕತ್ತರಿಸಿ, ಉದ್ದಕ್ಕೆ ಜೋಡಿಸಿ, ದಾರ ಸುತ್ತಿ ಬಿಗಿದಂತೆ ಕಾಣುತ್ತದೆ. ನಮ್ಮ ಆಯಿ ಇದನ್ನು ನೋಡಿದಾಗಲೆಲ್ಲ ‘ಪಾಪ, ಕಟ್ಟಿಗಿ ಹೊರಿ ಹೊತ್ಗೊಂಡು ಹೊಂಟೈತಿ ನೋಡು’ ಅನ್ನುತ್ತಾಳೆ.

ಎರಡರ ಫೋಟೊ ತೆಗೆದು ಮೊಬೈಲಿನಲ್ಲಿ ಹುಡುಕಿದರೆ ಬರುವ ಉತ್ತರ ಒಂದೇ, ‘ಬ್ಯಾಗ್‌ವರ್ಮ್’. ಅಂದರೆ ಚೀಲದ ಹುಳು. ಹೆಸರೇನೋ ಸರಿ, ಎರಡೂ ಚೀಲದೊಳಗೇ ಬದುಕುತ್ತವೆ, ಎರಡೂ ದೊಡ್ಡದಾದ ಮೇಲೆ ಪತಂಗವಾಗುತ್ತವೆ. ಆದರೆ ಅವುಗಳ ನೆಂಟಸ್ತಿಕೆ ಬೆಕ್ಕಿಗೂ ಕತ್ತೆಕಿರುಬಕ್ಕೂ ಇರುವಷ್ಟು ದೂರದ್ದು. ಗೋಡೆಯದು ಟೈನಿಯಿಡೇ ಕುಟುಂಬದ್ದು, ಉಣ್ಣೆ ಬಟ್ಟೆಗೆ ತೂತು ಹಾಕುವ ಪತಂಗಗಳ ಮನೆತನ. ಜಾಲಿಯದು ಸೈಕಿಡೇ ಕುಟುಂಬದ್ದು, ಇದೇ ನಿಜವಾದ ಚೀಲದ ಹುಳುಗಳ ಮನೆತನ. ಜಗತ್ತಿನಲ್ಲಿ ಈ ಕುಟುಂಬದ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ.

ನಾನು ಓದುತ್ತಿರುವುದು ಸಿವಿಲ್ ಎಂಜಿನಿಯರಿಂಗ್, ಐದನೇ ಸೆಮಿಸ್ಟರ್. ಹುಳಕ್ಕೂ ನನ್ನ ಸಿಲೆಬಸ್ಸಿಗೂ ಯಾವ ಸಂಬಂಧವೂ ಇಲ್ಲ. ಇದರ ಹಿಂದೆ ಬೀಳಲು ಕಾರಣ ನಮ್ಮ ಕಾಕಾನ ದಾಳಿಂಬೆ ಮತ್ತು ಆಡುಗಳು.

ಎರಡು ಬಾಟಲಿ ಔಷಧ

ಯುಗಾದಿಗೆ ಎರಡು ವಾರ ಮೊದಲು ಕುಂದಗೋಳದ ಕಡೆ ಇರುವ ನಮ್ಮ ಊರಿಗೆ ಹೋಗಿದ್ದೆ. ಕಾಕಾ ಅರ್ಧ ಎಕರೆಯಲ್ಲಿ ದಾಳಿಂಬೆ ಹಾಕಿದ್ದಾರೆ. ಬದುವಿನುದ್ದಕ್ಕೂ ಅಜ್ಜನ ಕಾಲದ ಕರಿಜಾಲಿ ಗಿಡಗಳಿವೆ. ಆ ಗಿಡಗಳ ತುಂಬ ಕಡ್ಡಿ ಕಟ್ಟುಗಳು. ದಾಳಿಂಬೆಯ ಮೇಲೂ ಅಲ್ಲೊಂದು ಇಲ್ಲೊಂದು ಕಾಣತೊಡಗಿದ್ದವು. ಕಾಕಾ ಫೋಟೊ ತೆಗೆದುಕೊಂಡು ಔಷಧದ ಅಂಗಡಿಗೆ ಹೋಗಿದ್ದರು. ಅಂಗಡಿಯವರು ಎರಡು ಬಾಟಲಿ ತೆಗೆದಿಟ್ಟು, ‘ದಾಳಿಂಬಿಗೂ ಹೊಡೀರಿ, ಬದುವಿನ ಜಾಲಿಗೂ ಹೊಡೀರಿ, ಇಲ್ಲಾಂದ್ರ ಮತ್ತ ಬರ್ತಾವು’ ಅಂದಿದ್ದರಂತೆ.

ತೊಂದರೆ ಇದ್ದದ್ದು ಆ ‘ಬದುವಿನ ಜಾಲಿಗೂ’ ಎಂಬ ಮಾತಿನಲ್ಲಿ. ಬೇಸಿಗೆ ಬಂತೆಂದರೆ ಜಾಲಿಕಾಯಿ ಉದುರುತ್ತವೆ. ಆಡುಗಳಿಗೆ ಅದೇ ಮೇವು, ಅದೇ ಹಬ್ಬದೂಟ. ಔಷಧ ಹೊಡೆದರೆ ಆಡುಗಳನ್ನು ಎಷ್ಟೋ ದಿನ ಆ ಕಡೆ ಬಿಡುವ ಹಾಗಿಲ್ಲ. ಹಸಿರು ಎಲ್ಲೂ ಇಲ್ಲದ ಮಾರ್ಚ್ ತಿಂಗಳಲ್ಲಿ ಮೇವು ಕೊಂಡು ಹಾಕಬೇಕು. ಔಷಧದ ರೊಕ್ಕ, ಹೊಡೆಯುವವನ ಕೂಲಿ, ಮೇವಿನ ಖರ್ಚು ಸೇರಿಸಿದರೆ ಅರ್ಧ ಎಕರೆಯ ರೈತನಿಗೆ ಅದು ಸಣ್ಣ ಬಾಬತ್ತಲ್ಲ.

‘ಹುಳಾ ಒಳಗ ಐತೋ ಇಲ್ಲೋ ಮೊದಲ ನೋಡೂಣು ಕಾಕಾ’ ಅಂದೆ.

‘ನೀ ಎಂಜಿನಿಯರ್ ಆಗಾಕಿ ಹೌದಿಲ್ಲೊ ತಂಗಿ, ಹುಳದ ಡಾಕ್ಟರ್ ಯಾವಾಗ ಆದಿ?’ ಅಂದರು ಕಾಕಾ. ಆದರೂ ಏಣಿ ತಂದುಕೊಟ್ಟರು.

ಕೈಯಿಂದ ಆ ಚೀಲ ಹರಿಯುವುದಿಲ್ಲ. ಇದು ನನಗೆ ಮೊದಲು ಬಿದ್ದ ಪೆಟ್ಟು. ಕಡ್ಡಿಗಳನ್ನು ಒಂದೊಂದಾಗಿ ಕಿತ್ತರೂ ಒಳಗಿನ ರೇಷ್ಮೆಯ ಗವಸು ಹಾಗೆಯೇ ಉಳಿಯುತ್ತದೆ. ಕೊನೆಗೆ ಆಯಿಯ ಹೊಲಿಗೆ ಕತ್ತರಿ ಬೇಕಾಯಿತು. ಉದ್ದಕ್ಕೆ ಸೀಳಿದರೆ ಒಳಮೈ ಮೆತ್ತಗೆ, ಬೂದು ಬಿಳುಪಿನ ಉಣ್ಣೆಯ ಹಾಗೆ.

ಒಂದೊಂದಾಗಿ ಬಿಡಿಸುತ್ತ ಹೋದಂತೆ ಚೀಲಗಳು ತಮ್ಮ ಕಥೆಯನ್ನು ಹೊರಗಿನಿಂದಲೇ ಹೇಳುತ್ತವೆ ಎಂಬುದು ಗೊತ್ತಾಯಿತು. ಕೆಲವು ಚೀಲಗಳ ಕೆಳತುದಿಯಿಂದ ತೆಳ್ಳನೆಯ ಕಂದು ಸಿಪ್ಪೆಯೊಂದು ಅರ್ಧ ಹೊರಗೆ ಚಾಚಿಕೊಂಡಿತ್ತು. ಅದು ಗಂಡು ಕೋಶದ ಪೊರೆ. ಗಂಡು ಪತಂಗ ಹುಟ್ಟುವ ಮೊದಲು ಕೋಶವೇ ತೆವಳಿಕೊಂಡು ಚೀಲದ ಬಾಯಿಗೆ ಬರುತ್ತದೆ. ಪತಂಗ ಹಾರಿಹೋದ ಮೇಲೂ ಸಿಪ್ಪೆ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಅದು ಕಂಡರೆ ಒಳಗೆ ಯಾರೂ ಇಲ್ಲ ಎಂದೇ ಅರ್ಥ. ಇನ್ನು ಕೆಲವು ಚೀಲಗಳ ಮಗ್ಗುಲಲ್ಲಿ ಗುಂಡುಪಿನ್ನಿನಿಂದ ಚುಚ್ಚಿದಂಥ ದುಂಡನೆಯ ತೂತು ಇತ್ತು. ಅದು ಪರಾವಲಂಬಿ ಕಣಜದ ಕೆಲಸ. ಹುಳದೊಳಗೆ ಬೆಳೆದು, ಅದನ್ನೇ ತಿಂದು ಮುಗಿಸಿ, ಚೀಲ ಕೊರೆದು ಹೊರಬಂದ ಗುರುತು. ಉಳಿದವುಗಳಲ್ಲಿ ತೂತೂ ಇಲ್ಲ, ಸಿಪ್ಪೆಯೂ ಇಲ್ಲ. ಮೇಲ್ಬಾಯಿಯನ್ನು ಟೊಂಗೆಗೆ ರೇಷ್ಮೆಯಿಂದ ಬಿಗಿದು ಕಟ್ಟಿ ಮುಚ್ಚಲಾಗಿತ್ತು. ಸೀಳಿ ನೋಡಿದರೆ ಹಳದಿ ಬಿಳುಪಿನ, ರೆಕ್ಕೆಯಿಲ್ಲದ ಗುಂಡನೆಯ ಹೆಣ್ಣು, ಇಲ್ಲವೇ ಅದರ ಒಣಗಿದ ಮೈ ಮತ್ತು ಪುಡಿ ಸಾಬೂದಾಣಿಯಂಥ ಮೊಟ್ಟೆಗಳು.

ಎಲೆ ತಿನ್ನುವ ಹುಳು ನಾವು ಬಿಡಿಸಿದ ಒಂದು ಚೀಲದಲ್ಲೂ ಇರಲಿಲ್ಲ.

ಇಲ್ಲೇ ಇರುವುದು ವಿಷಯ. ಎಲೆ ತಿನ್ನುವುದು ಮರಿಹುಳು ಮಾತ್ರ. ಅದರ ಊಟ ಮುಗಿದು, ಚೀಲ ಕಟ್ಟಿ, ಬಾಯಿ ಮುಚ್ಚಿದ ಮೇಲೆ ಔಷಧ ಹೊಡೆದರೆ ತೋಯುವುದು ಹೊರಗಿನ ಕಡ್ಡಿ. ಮೊಟ್ಟೆಗಳು ಒಳಗೆ ಬೆಚ್ಚಗಿರುತ್ತವೆ. ಅಲ್ಲದೆ ಕಣಜ, ನೊಣದಂಥ ಪರಾವಲಂಬಿಗಳು ಮೊದಲು ಸಾಯುತ್ತವೆ, ಮುಂದಿನ ವರ್ಷ ಹುಳಕ್ಕೆ ಕೇಳುವವರೇ ಇರುವುದಿಲ್ಲ. ಇದಕ್ಕೆ ಕೈಯಿಂದ ಕಿತ್ತು ತೆಗೆಯುವುದಕ್ಕಿಂತ ಒಳ್ಳೆಯ ಔಷಧ ಇಲ್ಲ. ಹೆಣ್ಣಿಗೆ ರೆಕ್ಕೆ ಇಲ್ಲದಿರುವುದರಿಂದ ಅದು ಪಕ್ಕದ ಹೊಲದಿಂದ ಹಾರಿ ಬಂದು ಮೊಟ್ಟೆ ಇಡಲಾರದು. ಒಂದು ಹೆಣ್ಣು ಚೀಲ ತೆಗೆದರೆ ನೂರಾರು ಮರಿಗಳನ್ನು ತೆಗೆದಂತೆ. ದೊಡ್ಡ ಪ್ರಭೇದಗಳಲ್ಲಿ ಒಂದೇ ಹೆಣ್ಣಿನ ಮೊಟ್ಟೆಗಳ ಲೆಕ್ಕ ಸಾವಿರ ದಾಟುವುದೂ ಉಂಟು.

ಎರಡು ದಿನ ಬೆಳಿಗ್ಗೆ ಕಾಕಾ, ಕಾಕು, ಆಯಿ, ನಾನು ಸೇರಿ ಎರಡು ಬುಟ್ಟಿ ಚೀಲ ಕಿತ್ತೆವು. ಮಗ್ಗುಲಲ್ಲಿ ತೂತಿದ್ದವನ್ನು ಗಿಡದಲ್ಲೇ ಬಿಟ್ಟೆವು. ಬಾಯಿ ಮುಚ್ಚಿದವು ಆಯಿಯ ಬಚ್ಚಲ ಒಲೆಗೆ ಹೋದವು. ನೀರು ಚೆನ್ನಾಗಿಯೇ ಕಾದವು. ಬಾಟಲಿಗಳು ಅಂಗಡಿಯಲ್ಲೇ ಉಳಿದವು.

ಚೀಲ ನೋಡಿ ಹೆಸರು ಹೇಳಬಹುದೇ?

ಕೆಲಸವೇನೋ ಮುಗಿಯಿತು, ಆದರೆ ಹುಳದ ಹೆಸರು ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಹುಬ್ಬಳ್ಳಿಗೆ ಬರುವಾಗ ನಾಲ್ಕು ಚೀಲಗಳನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ತಂದೆ. ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ ಓದುವ ಟೇಬಲ್ಲಿನ ಮೇಲೆ ಇಟ್ಟುಕೊಂಡೆ. ಅವ್ವ ಏನು ಅಂದಳು ಎಂಬುದು ಇಲ್ಲಿ ಬೇಡ.

ಸೈಕಿಡೇ ಕುಟುಂಬದಲ್ಲಿ ಗುರುತು ಹಿಡಿಯುವ ಕೆಲಸ ಯಾಕೆ ಕಷ್ಟ ಎಂದರೆ, ನಮ್ಮ ಕಣ್ಣಿಗೆ ಸುಲಭವಾಗಿ ಬೀಳುವುದು ಚೀಲ. ಆದರೆ ಶಾಸ್ತ್ರೀಯವಾಗಿ ಹೆಸರು ಅಂಟಿಕೊಂಡಿರುವುದು ಗಂಡು ಪತಂಗಕ್ಕೆ. ನೀಲಗಿರಿಯಲ್ಲಿ ಚಹಾ ತೋಟ ನಡೆಸಿದ್ದ ಜಾರ್ಜ್ ಹ್ಯಾಂಪ್ಸನ್ ಎಂಬ ಇಂಗ್ಲಿಷ್ ಗೃಹಸ್ಥ ಮುಂದೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕುಳಿತು ಭಾರತದ ಪತಂಗಗಳ ದೊಡ್ಡ ಗ್ರಂಥಮಾಲೆ ಬರೆದ. ಅದರ ಮೊದಲ ಸಂಪುಟ ಬಂದದ್ದು 1892ರಲ್ಲಿ. ನಮ್ಮ ದೇಶದ ಚೀಲದ ಹುಳುಗಳ ವಿವರ ಅದರಲ್ಲಿದೆ. ಅಂಥ ಗ್ರಂಥಗಳಲ್ಲಿ ಪ್ರಭೇದಗಳನ್ನು ಬೇರ್ಪಡಿಸುವುದು ಮುಖ್ಯವಾಗಿ ಗಂಡಿನ ರೆಕ್ಕೆಯ ನರಗಳು ಹೇಗೆ ಕವಲೊಡೆಯುತ್ತವೆ, ಮೀಸೆ ಹೇಗಿದೆ, ಕಾಲಿನ ರಚನೆ ಹೇಗಿದೆ ಎಂಬುದರ ಮೇಲೆ. ಹೆಣ್ಣನ್ನು ನೋಡಿ ಏನು ಬರೆಯುವುದು? ಅದಕ್ಕೆ ರೆಕ್ಕೆಯೂ ಇಲ್ಲ, ಮೀಸೆಯೂ ಇಲ್ಲ, ಹಲವು ಪ್ರಭೇದಗಳಲ್ಲಿ ಕಾಲೂ ಇಲ್ಲ.

ಹಾಗಂತ ಚೀಲ ಪ್ರಯೋಜನಕ್ಕೆ ಬಾರದ್ದಲ್ಲ. ಅರ್ಧ ದಾರಿ ಅದೇ ಕರೆದೊಯ್ಯುತ್ತದೆ. ಆದರೆ ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದು ಗೊತ್ತಿರಬೇಕು. ಎಲ್ಲರೂ ಮೊದಲು ನೋಡುವುದು ಚೀಲ ಯಾವುದರಿಂದ ಆಗಿದೆ ಎಂದು. ಅದೇ ಅತ್ಯಂತ ಕಡಿಮೆ ನಂಬಿಕೆಗೆ ಅರ್ಹವಾದದ್ದು. ಹುಳು ಯಾವ ಗಿಡದ ಮೇಲಿದೆಯೋ ಅದರ ಸಾಮಾನನ್ನೇ ಬಳಸುತ್ತದೆ. ಜಾಲಿಯ ಮೇಲಿದ್ದರೆ ಕಡ್ಡಿ ಮತ್ತು ಮುಳ್ಳು, ಗಾಳಿಮರದ ಮೇಲಿದ್ದರೆ ಆ ದಾರದಂಥ ಎಸಳು, ಪೇರಲದ ಮೇಲಿದ್ದರೆ ಎಲೆಯ ಚೂರು. ನಮ್ಮ ಕಡೆ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ, ಮಲೆನಾಡಿನಲ್ಲಿ ಹೆಂಚು. ಕಟ್ಟಿದವರ ಜಾತಿ ಕುಲ ಅದರಿಂದ ಗೊತ್ತಾಗುತ್ತದೆಯೇ?

ಸಾಮಾನಿಗಿಂತ ಜೋಡಣೆ ಹೆಚ್ಚು ಮಾತಾಡುತ್ತದೆ. ಕಡ್ಡಿಗಳು ಉದ್ದಕ್ಕೆ ಒಂದರ ಪಕ್ಕ ಒಂದು, ಬೀಡಿ ಕಟ್ಟಿನಂತೆ ನಿಂತಿವೆಯೇ, ನಡುವೆ ಒಂದೆರಡು ಉಳಿದವಕ್ಕಿಂತ ಉದ್ದವಾಗಿ ಕೆಳಗೆ ಚಾಚಿವೆಯೇ? ಜಾಲಿಯ ಮೇಲೆ ಹೀಗಿದ್ದರೆ ಅದು ಯುಮೆಟಾ ಕ್ರಾಮೆರಿ ಇರುವ ಸಾಧ್ಯತೆ ದೊಡ್ಡದು. ವೆಸ್ಟ್‌ವುಡ್ ಎಂಬ ಕೀಟಶಾಸ್ತ್ರಜ್ಞ 1854ರಲ್ಲಿ ಇದಕ್ಕೆ ಹೆಸರಿಟ್ಟ. ಇದರ ಹತ್ತಿರದ ನೆಂಟ ಯುಮೆಟಾ ವೇರಿಗೇಟಾ. ಇಂಗ್ಲಿಷಿನಲ್ಲಿ ಇದಕ್ಕೆ ‘ಹತ್ತಿಯ ಚೀಲಹುಳು’ ಎಂಬರ್ಥದ ಹೆಸರಿದೆ. ಇದರ ಚೀಲ ಇನ್ನೂ ದೊಡ್ಡದು. ರೇಷ್ಮೆಯ ದಪ್ಪ ಗವಸಿನ ಮೇಲೆ ಎಲೆಯ ತುಂಡುಗಳು ಅಲ್ಲಲ್ಲಿ ಅಂಟಿಕೊಂಡಿರುತ್ತವೆ, ಕಡ್ಡಿಗಳು ಇದ್ದರೂ ಅಷ್ಟು ಶಿಸ್ತಾಗಿ ಇರುವುದಿಲ್ಲ. ಕಡ್ಡಿಗಳನ್ನು ಅಡ್ಡಡ್ಡ ಇಟ್ಟು, ಚೌಕಾಕಾರವಾಗಿ ಒಂದರ ಮೇಲೊಂದು ಪೇರಿಸಿ, ಮೇಲೆ ಹೋದಂತೆ ಕಿರಿದಾಗುವ ಗೋಪುರ ಕಟ್ಟುವ ಹುಳುಗಳೂ ನಮ್ಮ ದೇಶದಲ್ಲಿವೆ. ಅದರ ಚಿತ್ರವನ್ನು ನಮ್ಮ ಕ್ಲಾಸಿನ ಗ್ರೂಪಿಗೆ ಹಾಕಿದಾಗ ‘ಇದರ ಪ್ಲ್ಯಾನ್ ಯಾರ್ ಅಪ್ರೂವ್ ಮಾಡಿದ್ರು?’ ಅಂತ ಒಬ್ಬ ಕೇಳಿದ.

ಚೀಲ ಹೇಗೆ ತೂಗುತ್ತಿದೆ ಎಂಬುದನ್ನೂ ನೋಡಬೇಕು. ಯುಮೆಟಾ ತನ್ನ ಚೀಲವನ್ನು ಟೊಂಗೆಗೆ ಹತ್ತಿರವೇ ಬಿಗಿದು ಸುತ್ತುತ್ತದೆ. ಟೆರೋಮಾ ಎಂಬ ಸಣ್ಣ ಜಾತಿಯದು ಹಾಗಲ್ಲ. ಅದರ ಶಂಕುವಿನಾಕಾರದ ಪುಟ್ಟ ಚೀಲ, ಕೋಶವಾಗುವ ಹೊತ್ತಿಗೆ, ಉದ್ದನೆಯ ರೇಷ್ಮೆ ಎಳೆಯ ತುದಿಯಲ್ಲಿ ಜುಮಕಿಯ ಹಾಗೆ ತೂಗಾಡುತ್ತದೆ. ಟೆರೋಮಾ ಪ್ಲಾಜಿಯೋಫ್ಲೆಪ್ಸ್ ಎಂಬ ಪ್ರಭೇದಕ್ಕೆ ಹೆಸರಿಟ್ಟವನು ಅದೇ ಹ್ಯಾಂಪ್ಸನ್, ಅದೇ 1892ರಲ್ಲಿ. ಹುಣಸೆ ಗಿಡದ ಮೇಲೆ ಇದು ಅಂಥ ದೊಡ್ಡ ಪೀಡೆ ಅನ್ನಿಸಿಕೊಂಡಿರಲಿಲ್ಲ. ಕೇರಳದಲ್ಲಿ ಫಾಲ್ಕಟೇರಿಯಾ ಎಂಬ ಬೇಗ ಬೆಳೆಯುವ, ಮೆದು ಕಟ್ಟಿಗೆಯ ಪರದೇಶಿ ಮರವನ್ನು ಒಂದೇ ಕಡೆ ಸಾಲಾಗಿ ಬೆಳೆಸಿದಾಗ ಈ ಹುಳು ಹಿಂಡು ಹಿಂಡಾಗಿ ಏರಿ ಎಲೆ ಬೋಳಿಸಿತು. ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ಜಾರ್ಜ್ ಮ್ಯಾಥ್ಯೂ ಮತ್ತು ಕೆ.ಎಸ್.ಎಸ್. ನಾಯರ್ 1980ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿದರು. ಹುಳು ಮೊದಲಿನಿಂದಲೂ ಇತ್ತು. ಅದಕ್ಕೆ ಪಂಕ್ತಿ ಊಟ ಹಾಕಿದವರು ನಾವು.

ಗೋಡೆಯ ಚೀಲವನ್ನಂತೂ ಯಾರು ಬೇಕಾದರೂ ಬೇರ್ಪಡಿಸಬಹುದು. ಅದು ಚಪ್ಪಟೆ, ನಡುವೆ ಅಗಲ, ಎರಡು ತುದಿ ಚೂಪು, ಮತ್ತು ಎರಡೂ ಕಡೆ ಬಾಯಿ. ಹುಳು ಒಳಗೇ ತಿರುಗಿ ಯಾವ ಬಾಯಿಯಿಂದ ಬೇಕಾದರೂ ತಲೆ ಹೊರಹಾಕುತ್ತದೆ. ಮರಳಿನ ಕಣ, ಧೂಳು, ಬಟ್ಟೆಯ ಎಳೆ ಸೇರಿಸಿ ಚೀಲ ನೇಯ್ದಿರುತ್ತದೆ. ಫೀರಿಯೇಕಾ ಎಂಬುದು ಇದರ ಜಾತಿ. ತಿನ್ನುವುದು ಹಳೆಯ ಜೇಡರ ಬಲೆ, ಉದುರಿದ ಕೂದಲು, ಉಣ್ಣೆ, ಸತ್ತ ಕೀಟಗಳ ಚೂರು. ಎಲೆ ಮುಟ್ಟುವುದಿಲ್ಲ. ಇದರ ಹೆಣ್ಣಿಗೂ ರೆಕ್ಕೆಗಳಿವೆ. ಮನೆಯ ಗೋಡೆಯ ಮೇಲೆ ಇದನ್ನು ಕಂಡು ಹಿತ್ತಲಿನ ಗುಲಾಬಿಗೆ ಔಷಧ ಹೊಡೆಯುವವರಿದ್ದಾರೆ. ಅವರಿಗೆ ಬೇಕಾದದ್ದು ಕಸಬರಿಗೆ ಮಾತ್ರ. ಮೂಲೆಯ ಜೇಡರ ಬಲೆ ತೆಗೆದರೆ ಅದರ ಅಡುಗೆಮನೆ ಬಂದ್.

ಗಂಡಿನ ಎರಡು ದಿನ, ಹೆಣ್ಣಿನ ಒಂದು ಮನೆ

ಬಾಟಲಿಯ ಮೊದಲ ಚೀಲದಿಂದ ಬಂದದ್ದು ಪತಂಗವಲ್ಲ, ಕರಿ ಕಣಜ. ಎರಡನೆಯದರಿಂದ ಏನೂ ಬರಲಿಲ್ಲ. ಇಂಟರ್ನಲ್ಸ್ ನಡೆಯುತ್ತಿದ್ದ ವಾರ, ರಾತ್ರಿ ಸುಮಾರು ಎಂಟೂವರೆಗೆ ಮೂರನೆಯ ಚೀಲದ ಕೆಳಬಾಯಿಯಿಂದ ಸಿಪ್ಪೆ ಚಾಚಿಕೊಂಡು, ಅದರ ಮೇಲೆ ಒದ್ದೆ ರೆಕ್ಕೆಯ ಗಂಡು ಕುಳಿತಿತ್ತು.

ಚೆಂದದ ಪತಂಗ ಅಂತ ಯಾರೂ ಹೇಳಲಿಕ್ಕಿಲ್ಲ. ಕಂದು ಬಣ್ಣ, ಕಂಬಳಿ ಹೊದ್ದಂಥ ದಪ್ಪ ಮೈ, ರೆಕ್ಕೆಯ ನರಗಳ ಗುಂಟ ಗಾಢ ಗೆರೆಗಳು. ಮೀಸೆ ಮಾತ್ರ ನೋಡುವ ಹಾಗಿತ್ತು. ಎರಡೂ ಕಡೆ ಹಲ್ಲುಗಳಿರುವ ಬಾಚಣಿಗೆಯಂತೆ, ಹಕ್ಕಿಯ ಪುಟ್ಟ ಗರಿಯಂತೆ. ಅಷ್ಟು ಅಗಲದ ಮೀಸೆ ಇರುವುದು ವಾಸನೆ ಹಿಡಿಯುವುದಕ್ಕೆ. ಹೆಣ್ಣು ಚೀಲದೊಳಗೆ ಕುಳಿತಲ್ಲಿಂದಲೇ ಗಾಳಿಗೆ ಬಿಡುವ ರಾಸಾಯನಿಕದ ಜಾಡು ಹಿಡಿದು ಗಂಡು ಹಾರಬೇಕು. ಅದಕ್ಕೆ ಊಟ ಮಾಡುವ ಬಾಯಿಯೇ ಇಲ್ಲ. ಮರಿಯಾಗಿದ್ದಾಗ ತಿಂದದ್ದೇ ಬಂಡವಾಳ, ಅದು ಮುಗಿಯುವ ಮೊದಲು, ಎರಡು ಮೂರು ದಿನಗಳಲ್ಲಿ, ಹೆಣ್ಣನ್ನು ಹುಡುಕಬೇಕು. ಹುಡುಕಿದರೂ ಹೆಣ್ಣು ಹೊರಗೆ ಬರುವುದಿಲ್ಲ. ಗಂಡು ತನ್ನ ಹೊಟ್ಟೆಯ ತುದಿಯನ್ನು ದುರ್ಬೀನಿನ ಕೊಳವೆಯ ಹಾಗೆ ಉದ್ದ ಮಾಡಿ ಚೀಲದ ಕೆಳಬಾಯಿಯಿಂದ ಒಳಗೆ ಚಾಚುತ್ತದೆ. ಹೊಟ್ಟೆ ಹೀಗೆ ಹಿಗ್ಗುವುದು ಈ ಕುಟುಂಬದ ಇಂಥ ಗಂಡುಗಳನ್ನು ಗುರುತಿಸುವ ಲಕ್ಷಣಗಳಲ್ಲೊಂದು.

ಹೆಣ್ಣು ಯಾಕೆ ಹೀಗಾಯಿತು ಎಂಬುದು ನನಗೆ ತುಂಬ ಹಿಡಿಸಿದ ಭಾಗ. ಸೈಕಿಡೇ ಕುಟುಂಬದ ಎಲ್ಲ ಹೆಣ್ಣುಗಳೂ ಒಂದೇ ರೀತಿ ಇಲ್ಲ. ಕೆಲವು ಹಳೆಯ ಶಾಖೆಗಳಲ್ಲಿ ಹೆಣ್ಣಿಗೂ ರೆಕ್ಕೆಗಳಿವೆ. ಇನ್ನು ಕೆಲವುಗಳಲ್ಲಿ ರೆಕ್ಕೆ ಹೋಗಿ ಕಾಲು ಉಳಿದಿವೆ. ಆ ಹೆಣ್ಣು ಚೀಲದಿಂದ ಹೊರಬಂದು ಅದರ ಮೇಲೆ ಕುಳಿತು ಗಂಡಿಗಾಗಿ ಕಾಯುತ್ತದೆ. ಯುಮೆಟಾದಂಥವುಗಳಲ್ಲಿ ಕಾಲೂ ಹೋಗಿ, ಹೆಣ್ಣು ಹೆಚ್ಚುಕಡಿಮೆ ಮೊಟ್ಟೆ ತುಂಬಿದ ಒಂದು ಥೈಲಿ. ಯುರೋಪಿನ ಆಪ್ಟೆರೋನಾ ಎಂಬುದರ ಕೆಲವು ಬಳಗಗಳಲ್ಲಿ ಗಂಡೇ ಬೇಡ. ಹೆಣ್ಣುಗಳೇ ಹೆಣ್ಣುಗಳನ್ನು ಹೆರುತ್ತವೆ. ಅದರ ಚೀಲ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುತ್ತದೆ. ಮೊದಲ ಸಲ ನೋಡಿದವರು ಬಸವನಹುಳು ಎಂದೇ ತಿಳಿಯುತ್ತಾರೆ.

ಹೆಣ್ಣು ಎಲ್ಲಿಗೂ ಹೋಗದಿದ್ದರೆ ಸಂತತಿ ಹರಡುವುದು ಹೇಗೆ? ಆ ಕೆಲಸ ಮರಿಗಳದ್ದು. ಮೊಟ್ಟೆಯೊಡೆದ ಮರಿ ಚೀಲದ ಕೆಳಬಾಯಿಯಿಂದ ಇಳಿದು, ಎಳೆಯೊಂದನ್ನು ಬಿಟ್ಟು ಜೋತಾಡುತ್ತದೆ. ಗಾಳಿ ಬೀಸಿದರೆ ಎಳೆಸಮೇತ ಹಾರಿಹೋಗುತ್ತದೆ. ಬಿದ್ದಲ್ಲಿ ಮೊದಲು ಮಾಡುವುದು ಮನೆ ಕಟ್ಟುವ ಕೆಲಸ, ಆಮೇಲೆ ಊಟ. ಮುಂದೆ ದೊಡ್ಡದಾದಂತೆ ಬಾಯಿಯ ಕಡೆಗೆ ಚೀಲವನ್ನು ಹೆಚ್ಚಿಸುತ್ತ ಹೋಗುತ್ತದೆ. ಹಿಂದಿನ ಬಾಯಿ ಹಿಕ್ಕೆ ಹಾಕಲು. ಒಳಚರಂಡಿ ವ್ಯವಸ್ಥೆ ಸಮೇತ ಮನೆ ಅನ್ನಿ.

ಕಾಕಾನ ಬದುವಿನ ಜಾಲಿಯಿಂದ ದಾಳಿಂಬೆಗೆ ಹುಳು ಬಂದದ್ದು ಹೀಗೇ ಇರಬೇಕು. ಮಳೆ ಶುರುವಾದ ಮೇಲೆ ಎಲೆಗಳ ಹಿಂಬದಿ ನೋಡಿ ಎಂದು ಕಾಕಾಗೆ ಹೇಳಿದ್ದೆ. ಆಗ ತಾನೇ ಬಿದ್ದ ಮರಿಯ ಚೀಲ ಜೀರಿಗೆ ಕಾಳಿಗಿಂತ ದೊಡ್ಡದಿರುವುದಿಲ್ಲ. ಸಿಂಪಡಣೆ ನಾಟುವುದಾದರೆ ಆ ಹೊತ್ತಿನಲ್ಲೇ. ಅದೂ ಮರಿಹುಳುಗಳಿಗೆ ಮಾತ್ರ ಹತ್ತುವ ಬಿ.ಟಿ. ಬ್ಯಾಕ್ಟೀರಿಯಾದ ಪುಡಿ ಸಾಕಾಗುತ್ತದೆ.

ಗೊರಬು ಹೊದ್ದ ಹುಳು

ಆಯಿಯ ‘ಕಟ್ಟಿಗಿ ಹೊರಿ’ ಮಾತಿಗೆ ಸಮುದ್ರದಾಚೆ ಒಂದು ಜೋಡಿ ಸಿಕ್ಕಿತು. ಸಿಲೋನಿನಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಎಮರ್ಸನ್ ಟೆನೆಂಟ್ 1861ರಲ್ಲಿ ಆ ದ್ವೀಪದ ಪ್ರಾಣಿಗಳ ಬಗ್ಗೆ ಒಂದು ಪುಸ್ತಕ ತಂದ. ಸಿಂಹಳದ ಜನ ಈ ಹುಳವನ್ನು ಸೌದೆಯ ಕಟ್ಟು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆಂದೂ, ಹಿಂದಿನ ಜನ್ಮದಲ್ಲಿ ಸೌದೆ ಕದ್ದವರು ಈ ಜನ್ಮದಲ್ಲಿ ಹೀಗೆ ಹೊರೆ ಹೊರುತ್ತಾರೆಂದು ನಂಬುತ್ತಾರೆಂದೂ ಅದರಲ್ಲಿ ಬರೆದಿದ್ದಾನೆ. ಇದನ್ನು ಆಯಿಗೆ ಹೇಳಿದೆ. ‘ಹಂಗಾದ್ರ ನಮ್ಮೂರಾಗ ಭಾಳ ಮಂದಿ ಹುಳಾ ಆಗೂವ್ರು ಅದಾರ’ ಅಂದಳು.

ಜಪಾನಿನಲ್ಲಿ ಇದಕ್ಕೆ ಮಿನೋಮುಶಿ ಎನ್ನುತ್ತಾರೆ. ಮಿನೋ ಎಂದರೆ ರೈತರು ಮಳೆಗೆ ಹೊದೆಯುವ ಹುಲ್ಲಿನ ಹೊದಿಕೆ, ನಮ್ಮ ಮಲೆನಾಡಿನ ಗೊರಬು ಇದ್ದ ಹಾಗೆ. ಸಾವಿರ ವರ್ಷದ ಹಿಂದೆ ಅಲ್ಲಿನ ಅರಮನೆಯಲ್ಲಿದ್ದ ಸೇಯಿ ಶೋನಾಗೊನ್ ಎಂಬ ಲೇಖಕಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಈ ಹುಳದ ಮೇಲೆ ಮರುಕಪಟ್ಟಿದ್ದಾಳೆ. ಅಷ್ಟು ಪರಿಚಿತವಾದ ಹುಳು 1990ರ ದಶಕದಲ್ಲಿ ಜಪಾನಿನ ಹಲವು ಕಡೆ ಕಾಣದಾಯಿತು. ಕಾರಣ ಒಂದು ಪರಾವಲಂಬಿ ನೊಣ, ನೀಲ್ಸೋಮಿಯಾ ರೂಫೆಲ್ಲಾ. ಅದು ಎಲೆಯ ಮೇಲೆ ತೀರಾ ಸಣ್ಣ ಮೊಟ್ಟೆಗಳನ್ನಿಡುತ್ತದೆ. ಎಲೆ ತಿನ್ನುವ ಹುಳು ಮೊಟ್ಟೆಯನ್ನೂ ನುಂಗುತ್ತದೆ. ಆ ಮೇಲಿನದು ಹುಳದ ಹೊಟ್ಟೆಯೊಳಗೆ ನಡೆಯುತ್ತದೆ. ನಮ್ಮಲ್ಲಿ ಪೀಡೆ ಎಂದು ಬಾಟಲಿ ಹಿಡಿದುಕೊಂಡು ಓಡಾಡುವ ಹುಳದ ಹತ್ತಿರದ ಬಂಧು ಅಲ್ಲಿ ಕೆಲವು ಪ್ರಾಂತ್ಯಗಳ ಅಪಾಯದ ಪಟ್ಟಿ ಸೇರಿತು.

ಅದೇ ದೇಶದವರು ಆ ರೇಷ್ಮೆಯನ್ನು ಲ್ಯಾಬಿಗೂ ಒಯ್ದರು. ಎಂಜಿನಿಯರಿಂಗ್ ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕೈಗೆ ಬಗ್ಗದ ಆ ಎಳೆ, ಬಿಗುವು ಮತ್ತು ತಾಳಿಕೆಯಲ್ಲಿ, ನಾವು ಸೀರೆ ನೇಯುವ ರೇಷ್ಮೆಯನ್ನೂ ಜೇಡದ ಎಳೆಯನ್ನೂ ಮೀರಿಸುತ್ತದೆ ಎಂದು ಜಪಾನಿನ ಸಂಶೋಧಕರು 2019ರಲ್ಲಿ ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಹುಳು ನಡೆಯುವ ರೀತಿಯೂ ವಿಚಿತ್ರ. ನುಣುಪಾದ ಜಾಗದಲ್ಲಿ ತನ್ನ ಮುಂದೆ ತಾನೇ ರೇಷ್ಮೆಯ ಏಣಿ ಹಾಕಿಕೊಂಡು, ಅದರ ಮೆಟ್ಟಿಲಿಗೆ ಉಗುರು ಸಿಕ್ಕಿಸಿ, ಭಾರದ ಚೀಲವನ್ನು ಎಳೆಯುತ್ತದೆ. ನನ್ನ ಬಾಟಲಿಯ ಗಾಜಿನ ಮೇಲೆ, ದಾಳಿಂಬೆಯಿಂದ ಆಮೇಲೆ ತಂದ ಒಂದು ಮರಿ, ಆ ಏಣಿಯನ್ನು ಬಿಟ್ಟುಹೋಗಿತ್ತು. ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದರೆ ಮೆಟ್ಟಿಲುಗಳು ಒಂದೊಂದಾಗಿ ಕಾಣುತ್ತಿದ್ದವು.

ಫೋಟೊ ತೆಗೆಯುವವರಿಗೆ

ಗಂಡು ಪತಂಗದ ಮತ್ತು ಚೀಲದ ಫೋಟೊಗಳನ್ನು ಐನ್ಯಾಚುರಲಿಸ್ಟಿಗೆ ಹಾಕಿದೆ. ಬಂದ ಉತ್ತರ: ಜಾತಿ ಯುಮೆಟಾ, ಇದರಲ್ಲಿ ಅನುಮಾನವಿಲ್ಲ. ಪ್ರಭೇದ ಕ್ರಾಮೆರಿ ಇರಬಹುದು, ಆದರೆ ಮುದ್ರೆ ಒತ್ತಬೇಕೆಂದರೆ ರೆಕ್ಕೆಯ ನರಗಳ ಸ್ಪಷ್ಟ ಚಿತ್ರ ಬೇಕು. ನರಗಳಲ್ಲೂ ತೀರ್ಮಾನವಾಗದಿದ್ದರೆ ತಜ್ಞರು ಗಂಡಿನ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇಲ್ಲವೇ ಡಿಎನ್‌ಎ ಬಾರ್‌ಕೋಡ್ ಮಾಡಿಸುತ್ತಾರೆ. ಕೆನಡಾದ ಪಾಲ್ ಹೆಬರ್ಟ್ 2003ರಲ್ಲಿ ಮುಂದಿಟ್ಟ ಈ ವಿಧಾನದಲ್ಲಿ ಒಂದೇ ಒಂದು ಜೀನಿನ ಸುಮಾರು 650 ಅಕ್ಷರಗಳಷ್ಟು ಉದ್ದದ ತುಣುಕನ್ನು ಹೋಲಿಸಿ ನೋಡುತ್ತಾರೆ. ಚೀಲದ ಹುಳುಗಳ ವಿಷಯದಲ್ಲಿ ಇದರಿಂದ ದೊಡ್ಡ ಅನುಕೂಲ ಉಂಟು. ರೆಕ್ಕೆಯಿಲ್ಲದ ಹೆಣ್ಣನ್ನೂ, ಚೀಲದೊಳಗಿನ ಮರಿಯನ್ನೂ ಅದರ ಗಂಡಿನ ಜೊತೆ ಜೋಡಿಸಲು ಸಾಧ್ಯವಾಗುತ್ತದೆ.

ನೀವು ಚೀಲ ಕಂಡರೆ ಒಂದೇ ಫೋಟೊ ತೆಗೆದು ಬಿಡಬೇಡಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು ಗಾತ್ರ ತೋರಿಸಿ. ಚೀಲ ಟೊಂಗೆಗೆ ಕಟ್ಟಿಕೊಂಡಿರುವ ಜಾಗ, ಕೆಳಬಾಯಿ, ಗಿಡದ ಎಲೆ, ಇವು ಮೂರೂ ಬೇಕು. ಹುಳು ತಲೆ ಹೊರಹಾಕಿದ್ದರೆ ತಲೆಯ ಮತ್ತು ಅದರ ಹಿಂದಿನ ಮೂರು ಖಂಡಗಳ ಮೇಲಿನ ಕಪ್ಪು ಪಟ್ಟೆಗಳನ್ನು ಸರಿಯಾಗಿ ಹಿಡಿಯಿರಿ. ಚೀಲಕ್ಕಿಂತ ಆ ಪಟ್ಟೆಗಳು ತಜ್ಞರಿಗೆ ಹೆಚ್ಚು ಉಪಯೋಗ. ಪ್ರತಿವರ್ಷ ಜುಲೈ ಕೊನೆಗೆ ರಾಷ್ಟ್ರೀಯ ಪತಂಗ ಸಪ್ತಾಹ ನಡೆಯುತ್ತದೆ, 2012ರಿಂದ. ಬಿಳಿ ಬಟ್ಟೆ ಕಟ್ಟಿ ದೀಪ ಹಚ್ಚಿ ಪತಂಗ ಕರೆಯುವ ಹವ್ಯಾಸಿಗಳು ರೆಕ್ಕೆಯ ಗಂಡುಗಳನ್ನು ದಾಖಲಿಸುತ್ತಾರೆ. ಆದರೆ ಯಾವ ದೀಪಕ್ಕೂ ಯುಮೆಟಾದ ಹೆಣ್ಣು ಬರುವುದಿಲ್ಲ. ಅದನ್ನು ಹುಡುಕಿಕೊಂಡು ಹಗಲು ಹೊತ್ತಿನಲ್ಲಿ ಜಾಲಿಯ ಕೆಳಗೆ ಕತ್ತು ಎತ್ತಿ ನಿಲ್ಲಬೇಕು.

ಕಾಕಾ ಮೊನ್ನೆ ಫೋನ್ ಮಾಡಿದ್ದರು. ಮೊದಲ ಮಳೆ ಬಿದ್ದ ಮೇಲೆ ದಾಳಿಂಬೆ ಎಲೆಗಳ ಹಿಂದೆ ಜೀರಿಗೆ ಕಾಳಿನಂಥವು ಕೆಲವು ಸಿಕ್ಕಿದ್ದವಂತೆ. ಎಲೆಸಮೇತ ಕಿತ್ತು ಹಾಕಿದ್ದಾರೆ. ಹುಣಸೆ ಗಿಡದಲ್ಲಿ ಬೇರೆ ಏನೋ ಜುಮಕಿಯ ಹಾಗೆ ತೂಗಾಡುತ್ತಿದೆ, ಅದರ ಹೆಸರೇನು ಅಂತ ಕೇಳಿದರು. ಟೆರೋಮಾ ಇರಬಹುದು ಅಂದೆ. ಕಿತ್ತು ತರಬೇಡಿ, ಬಾಟಲಿ ತೊಗೊಂಡು ಶನಿವಾರ ನಾನೇ ಬರ್ತೀನಿ ಅಂದಿದ್ದೇನೆ.